ಕರೆದು ಹೊಡೆದದ್ದು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕಟಕೋಳದ ನಮ್ಮ ಓಣಿಗೆಲ್ಲ ಗೊತ್ತು. ನಾನೂ ಅದನ್ನು ಹೆಮ್ಮೆಯಿಂದಲೇ ಹೇಳಿಕೊಂಡು ಬಂದವಳು. ಈಗ ಹೇಳಹೊರಟಿದ್ದು ಹೆಮ್ಮೆಯ ಮಾತಲ್ಲ.

ಕಳೆದ ಬೇಸಿಗೆಯಲ್ಲಿ ನನ್ನ ಗಂಡ ಚಚಡಿ ಊರಿನ ತಮ್ಮ ತಂಗಿಯ ಮನೆಯಿಂದ ಒಂದು ನಾಯಿಮರಿ ತಂದರು. ಕಂದು ಬಣ್ಣ, ಮೈಗಿಂತ ಕಾಲೇ ಉದ್ದ. ಬಂದ ದಿನದಿಂದ ಅಂಗಳದಲ್ಲೆಲ್ಲ ಗಲೀಜು ಮಾಡುವುದು, ಸಿಕ್ಕ ಚಪ್ಪಲಿ ಕಡಿಯುವುದು. ದಂಡಂ ದಶಗುಣಂ, ನಾಲ್ಕು ಬಿದ್ದರೆ ತಾನೇ ಕಲಿಯುತ್ತದೆ ಎಂದುಕೊಂಡು ಕೊರಳಿಗೆ ನೈಲಾನ್ ಹಗ್ಗ ಬಿಗಿದು ಕಟ್ಟಿಹಾಕಿದೆ.

ಒಂದು ಮಧ್ಯಾಹ್ನ ಆ ಮರಿ ಹಗ್ಗ ಕಡಿದುಕೊಂಡು ಮಾಳಿಗೆ ಹತ್ತಿತು. ಓಣಿಯ ಹೆಣ್ಣುಮಕ್ಕಳೆಲ್ಲ ಕೂಡಿ ಎರಡು ದಿನ ಹೊಸೆದ ಶಾವಿಗೆ ಅಲ್ಲಿ ಕೋಲಿನ ಮೇಲೆ ಒಣಗುತ್ತಿತ್ತು. ನಾನು ಹೋಗಿ ನೋಡುವಷ್ಟರಲ್ಲಿ ಕೋಲುಗಳೆಲ್ಲ ನೆಲಕ್ಕೆ, ಶಾವಿಗೆಯೆಲ್ಲ ಮಣ್ಣುಪಾಲು. ನನ್ನನ್ನು ನೋಡಿದ್ದೇ ತಡ, ಮರಿ ಕೆಳಗೋಡಿ ಹೊರಸಿನ ಮಂಚದಡಿ ಮೂಲೆ ಸೇರಿತು. ಕೈ ನಿಲುಕಲಿಲ್ಲ.

ಆಗ ನಾನೊಂದು ಉಪಾಯ ಮಾಡಿದೆ. ಬಿಸಿ ರೊಟ್ಟಿ ಮುರಿದು, ಬೆಣ್ಣೆ ಸವರಿ, "ಕುರೋ ಕುರೋ, ಬಾ ನನ ಬಂಗಾರ" ಎಂದು ಕರೆದೆ. ಬಾಲ ಅಲ್ಲಾಡಿಸುತ್ತ ಬಂತು. ರೊಟ್ಟಿಗೆ ಬಾಯಿ ಹಾಕುವಾಗ ಕುತ್ತಿಗೆ ಹಿಡಿದು ಶಾವಿಗೆಯ ಕೋಲಿನಿಂದಲೇ ಬಾರಿಸಿದೆ. ಎಷ್ಟು ಹೊಡೆದೆ ಎಂದು ನನಗೇ ತಿಳಿಯಲಿಲ್ಲ.

ಬಾಗಿಲಲ್ಲಿ ಕುಳಿತಿದ್ದ ಅತ್ತೆ, "ಉಣ್ಣಾಕ ಕರದು ಹೊಡದೆಲ್ಲವಾ! ವೈರಿನ್ನ ಸೈತ ಹಂಗ ಹೊಡಿಯೂದಿಲ್ಲ. ಹೊಡಿಯೂದಿದ್ರ ಹೊರಸ ಎತ್ತಿ ಹೊಡಿಬೇಕಿತ್ತ" ಎಂದರು.

"ನಾಯಿಗೇನ್ ಬೀಗರ ಊಟ ಮಾಡಸೂದೈತೇನ್ರಿ?" ಎಂದು ನಾನು ನಕ್ಕೆ. ಆ ನಗು ನೆನಪಾದರೆ ಇವತ್ತಿಗೂ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ.

ಮರಿ ಮನೆ ಬಿಟ್ಟು ಹಿತ್ತಲ ಬಣವೆಯ ಹಿಂದೆ ಸೇರಿಕೊಂಡಿತು. ಎಸೆದದ್ದನ್ನು ನಾವು ಒಳಗೆ ಹೋದ ಮೇಲೆ ತಿನ್ನುತ್ತಿತ್ತು. ಯಾರು ರೊಟ್ಟಿ ಹಿಡಿದು ಕೈ ಚಾಚಿದರೂ ಓಟ. ರೊಟ್ಟಿಯೆಂದರೆ ಹೊಡೆತ ಎಂದು ನಾನು ಕಲಿಸಿದ್ದೆ, ಒಂದೇ ಪಾಠಕ್ಕೆ ಕಲಿತಿತ್ತು.

ತಿಂಗಳೆರಡರಲ್ಲಿ ಮರಿ ಬೆಳೆಯಿತು, ಕೊರಳಲ್ಲಿ ಉಳಿದ ಹಗ್ಗ ಬೆಳೆಯಲಿಲ್ಲ. ಸುತ್ತಲೂ ಕೂದಲು ಉದುರಿ, ಗಾಯವಾಗಿ, ನೊಣ ಮುತ್ತತೊಡಗಿದವು. ಗಂಡ ಗೋಣಿಚೀಲ ಹಿಡಿದು ಬೆನ್ನಟ್ಟಿದರೆ ಇನ್ನೂ ದೂರ ಹೋಯಿತು. ರಾಮದುರ್ಗದ ದನದ ಡಾಕ್ಟರು, "ಹಿಡದು ತರ್ರಿ, ಒಂದ್ ನಿಮಿಷದ ಕೆಲಸ. ಬಿಟ್ರ ಹಗ್ಗ ಕೊರಳಾಗ ಇಳೀತೈತಿ, ಉಳಿಯೂದಿಲ್ಲ" ಎಂದರು. ಹಿಡಿಯುವವರು ಯಾರು?

"ನೀ ಕೆಡಿಸೀದಿ, ನೀನ ನೆಟ್ಟಗ ಮಾಡು" ಎಂದರು ಅತ್ತೆ. "ಕರೀಬ್ಯಾಡ, ಅದರ ಮಾರಿ ನೋಡಬ್ಯಾಡ. ರೊಟ್ಟಿ ಇಟ್ಟು ಸುಮ್ನ ಕುಂದರು."

ಹತ್ತು ನಿಮಿಷ ಬಾಯಿ ಮುಚ್ಚಿ ಕೂರದ ನಾನು ದಿನಾ ಎಮ್ಮೆ ಹಿಂಡಿದ ಮೇಲೆ ಬಣವೆಯ ಹತ್ತಿರ ಬೆನ್ನು ತಿರುಗಿಸಿ ಕೂರತೊಡಗಿದೆ. ಸೆರಗಿನಲ್ಲಿ ಕತ್ತರಿ ಇರುತ್ತಿತ್ತು. ಒಳ್ಳೆಯದಕ್ಕೇ ಬಚ್ಚಿಟ್ಟಿದ್ದೆ, ಆದರೂ ಮತ್ತೊಂದು ಮೋಸಕ್ಕೆ ಕುಳಿತವಳಂತೆ ನಾಚಿಕೆಯಾಗುತ್ತಿತ್ತು. ಮೊದಲ ವಾರ ನೆರಳೂ ಸುಳಿಯಲಿಲ್ಲ. ಆಮೇಲೆ ಹತ್ತು ಮಾರು ದೂರ ಬಂದು ನಿಂತಿತು. ಹದಿನೈದು ದಿನ ಕಳೆದರೂ ಅಷ್ಟೇ ದೂರ.

ಒಂದು ಸಂಜೆ ಗಾಯದ ವಾಸನೆ ನನ್ನ ಮೂಗಿಗೇ ಬಡಿಯಿತು. ತಡೆಯಲಾಗಲಿಲ್ಲ. ಅತ್ತೆಯ ಮಾತು ಮರೆತು ತಿರುಗಿ, "ಕುರೋ ಕುರೋ" ಎಂದುಬಿಟ್ಟೆ. ಕೆಟ್ಟಿತು, ಇನ್ನು ಓಡುತ್ತದೆ ಎಂದುಕೊಂಡೆ.

ಓಡಲಿಲ್ಲ. ಹೊಟ್ಟೆಯನ್ನು ನೆಲಕ್ಕೆ ಒರೆಸುತ್ತ, ಬಾಲ ಕಾಲೊಳಗೆ ಸೇರಿಸಿ, ನಿಂತು ನಿಂತು ಬಂತು. ರೊಟ್ಟಿಯನ್ನು ಮೂಸದೆ ದಾಟಿತು. ನನ್ನ ಪಾದದ ಹತ್ತಿರ ತಲೆ ಇಟ್ಟು, ಕಣ್ಣು ಬಿಗಿಯಾಗಿ ಮುಚ್ಚಿ, ಮೈಯೆಲ್ಲ ಗಟ್ಟಿ ಮಾಡಿಕೊಂಡಿತು. ಹೊಡೆಯುತ್ತೇನೆಂದು ತಿಳಿದೇ ಬಂದಿತ್ತು. ನಾನು ಕರೆದೆನಲ್ಲ, ಅದಕ್ಕೆ ಬಂದಿತ್ತು.

ಹೇಗೋ ಕತ್ತರಿ ತೂರಿಸಿ ಹಗ್ಗ ಕತ್ತರಿಸಿದೆ. ಕೊರಳು ಸಡಿಲಾಯಿತು. "ಆತು, ಹೋಗವಾ" ಎಂದೆ. ಅದು ಕಣ್ಣು ತೆರೆಯಲಿಲ್ಲ. ಹೊಡೆತಕ್ಕೆ ಕಾಯುತ್ತಲೇ ಇತ್ತು.