ಗಾಳಿಯಂತ್ರದ ಬಾಲ ಕಟ್ಟಿದ ತಂತಿ

ಕೊಪ್ಪದಿಂದ ನಾರ್ವೆಯ ಕಡೆಗೆ ಬಸ್ಸಿನಲ್ಲಿ ಹೋಗುವಾಗ ಒಂದು ತಿರುವಿನಲ್ಲಿ ನಮ್ಮ ಗುಡ್ಡದ ಗಾಳಿಯಂತ್ರದ ತಲೆ ಕಾಣುತ್ತದೆ. ಪಕ್ಕದಲ್ಲಿ ಕೂತ ಅಪರಿಚಿತರಿಗೆ ಅದನ್ನು ತೋರಿಸದೆ ಬಿಟ್ಟದ್ದು ಕಡಿಮೆ. "ಅದನ್ನು ನೋಡಿಕೊಳ್ಳುವುದು ನಮ್ಮಪ್ಪ" ಎಂದೂ ಸೇರಿಸುತ್ತೇನೆ. ಇಷ್ಟು ಹೇಳಲು ಇಪ್ಪತ್ತು ವರ್ಷ ಕಾಯಬೇಕಾಯಿತು.

ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಯಾವುದೋ ಸರ್ಕಾರಿ ಯೋಜನೆಯಲ್ಲಿ ಅದು ಬಂತು. ಗುಡ್ಡದ ಮೇಲೆ ತೋಟದ ಕೂಲಿಯವರ ಹದಿನಾಲ್ಕು ಮನೆ, ಎಲ್ಲಕ್ಕೂ ಸೇರಿ ಒಂದು ಆಳವಾದ ಬಾವಿ. ಯಂತ್ರ ಕೆಲಸ ಮಾಡುವ ರೀತಿ ಸರಳ. ಕಬ್ಬಿಣದ ಗೋಪುರದ ತುದಿಯಲ್ಲಿ ತಗಡಿನ ರೆಕ್ಕೆಗಳ ಚಕ್ರ. ಅದು ಸುತ್ತಿದರೆ ಹಿಂದಿನ ಕ್ರ್ಯಾಂಕ್ ಒಂದು ಉದ್ದ ಸರಳನ್ನು ಮೇಲೆ ಕೆಳಗೆ ಆಡಿಸುತ್ತದೆ. ಸರಳಿನ ಕೆಳತುದಿ ಬಾವಿಯೊಳಗಿನ ಪಂಪಿನಲ್ಲಿದೆ. ಅಲ್ಲಿ ಚರ್ಮದ ವಾಷರ್ ಪ್ರತಿ ಸಲ ಒಂದು ಚೊಂಬಿನಷ್ಟು ನೀರನ್ನು ಮೇಲೆತ್ತುತ್ತದೆ. ಚಕ್ರದ ಹಿಂದಿನ ತಗಡಿನ ಬಾಲ ಅದನ್ನು ಗಾಳಿಗೆ ಮುಖ ಮಾಡಿ ನಿಲ್ಲಿಸುತ್ತದೆ. ಬೇಸಿಗೆಯ ಮಧ್ಯಾಹ್ನದ ಗಾಳಿಗೆ ಹೀಗೆ ಮುಖ ಕೊಟ್ಟರೆ ಸಂಜೆಗೆ ತೊಟ್ಟಿ ತುಂಬುತ್ತದೆ. ಮಳೆಗಾಲದ ಗಾಳಿಗೆ ಮಾತ್ರ ಕೊಡಬಾರದು. ಆಗ ಕೆಳಗಿನಿಂದ ತಂತಿ ಎಳೆದು ಬಾಲವನ್ನು ಮಡಚಿ, ತಂತಿಯನ್ನು ಗೋಪುರದ ಕಾಲಿನ ಕೊಕ್ಕೆಗೆ ಕಟ್ಟಬೇಕು. ಆಗ ಚಕ್ರ ಓರೆಯಾಗಿ ಸುಮ್ಮನಾಗುತ್ತದೆ. ಆ ಕೆಲಸ ಅಪ್ಪನದು.

ನಾನು ಹೈಸ್ಕೂಲಿಗೆ ಹೋಗುತ್ತಿದ್ದ ಒಂದು ವರ್ಷ, ಆರಿದ್ರೆ ಮಳೆಯ ಗಾಳಿಗೆ ಬಾಲ ಬಿಚ್ಚಿಕೊಂಡು ಚಕ್ರ ಹುಚ್ಚು ಹಿಡಿದಂತೆ ತಿರುಗಿತು. ಒಂದು ರೆಕ್ಕೆ ಹಾರಿ ಮೇಲ್ಮನೆ ಗೌಡರ ಕೊಟ್ಟಿಗೆಯ ಹೆಂಚು ಒಡೆಯಿತು. ಅಪ್ಪ ಬಾಲ ಕಟ್ಟಲು ಮರೆತ ಎಂದು ಊರು ಅಂದೇ ತೀರ್ಮಾನಿಸಿತು. ಯಂತ್ರ ಸತ್ತಿತು, ಮಾತು ಉಳಿಯಿತು. "ಗೇಟು ಹಾಕಿದ್ಯೇನ ಮಾರಾಯ, ಇಲ್ಲಾ ಗಾಳಿಯಂತ್ರದ ಹಂಗೆ ಬಿಟ್ಟು ಬಂದ್ಯ?" ಎಂದು ತೋಟದಲ್ಲಿ ಯಾರಾದರೂ ಕೇಳುವರು. ಅಪ್ಪ ನಗುತ್ತಿದ್ದ. ಮನೆಗೆ ಬಂದವನು ಕತ್ತಲಾದ ಮೇಲೂ ಗೇಟು ನೋಡಲು ಮತ್ತೆ ಹೋಗುತ್ತಿದ್ದ.

ಅಪ್ಪ ಕಟ್ಟಿದ್ದು ನನಗೆ ನೆನಪಿತ್ತು. ತಲೆಗೆ ಕೆಂಪು ಟವೆಲ್, ಬಗ್ಗಿದ ಬೆನ್ನು, ಕೊಕ್ಕೆಗೆ ಸುತ್ತುತ್ತಿದ್ದ ಹಗ್ಗ. ಆದರೆ ಅದೇ ನೆನಪಿನಲ್ಲಿ ಜಡಿಮಳೆಯೂ ಇತ್ತು, ಹಿತ್ತಿಲಲ್ಲಿ ಒಣಗಲು ಹಾಕಿದ ಮೆಣಸೂ ಇತ್ತು. ಎರಡೂ ಒಂದೇ ದಿನ ಇರಲು ಹೇಗೆ ಸಾಧ್ಯ? ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿ ಬಂದ ಮೇಲಂತೂ ನಾನು ಇಂಥ ಸಾಕ್ಷಿಯನ್ನು ನಂಬುವುದನ್ನೇ ಬಿಟ್ಟೆ. ಒಮ್ಮೆ ಹಗ್ಗ, ಮಳೆ, ಮೆಣಸು ಎಲ್ಲವನ್ನೂ ಹೇಳಿ ಅಪ್ಪನನ್ನೇ ಕೇಳಿದೆ.

"ಕಟ್ಟಿದ್ದೆ ಅಂತ್ಲೇ ನೆನಪು" ಎಂದ. "ನಿಂಗೂ ಹಂಗೇ ನೆನಪಿದ್ರೆ, ನಾ ಹೇಳಿದ್ದು ಕೇಳಿ ಕೇಳಿ ಬಂದಿದ್ದಿರ್ಬೇಕು."

ನನಗಿಂತ ಒಳ್ಳೆಯ ಸಂಶಯವಾದಿ ಮನೆಯಲ್ಲೇ ಇದ್ದ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಬೇಸಿಗೆಯಲ್ಲಿ ಕರೆಂಟು ಕೈಕೊಟ್ಟು ಗಾಳಿಯಂತ್ರದ ಬದಲು ಬಾವಿಗೆ ಇಟ್ಟಿದ್ದ ಮೋಟಾರು ಸುಮ್ಮನೆ ಕೂರತೊಡಗಿತು. ಗುಡ್ಡದ ಹೆಂಗಸರೇ ಹಟ ಹಿಡಿದು ಗಾಳಿಯಂತ್ರವನ್ನು ರಿಪೇರಿ ಮಾಡಿಸಲು ಸಭೆ ಕರೆಸಿದರು. ನಾನಾಗ ಶೃಂಗೇರಿಯಲ್ಲಿ ಪಾಠ ಹೇಳುತ್ತಿದ್ದೆ, ರಜೆ ಹಾಕಿ ಬಂದೆ. ರಿಪೇರಿಗೆ ಎಲ್ಲರೂ ಒಪ್ಪಿದರು. ಆಮೇಲೆ ಮೇಲ್ಮನೆ ಗೌಡರು ಎಲೆಯಡಿಕೆ ಉಗಿದು ಬಂದು, "ಮಾಡ್ಸಿ. ಆದ್ರೆ ಬಾಲದ ಕೆಲ್ಸ ಇವ್ನಿಗೆ ಬ್ಯಾಡ. ನಮ್ಮನೆ ಹೆಂಚು ಇನ್ನೊಂದ್ಸಲ ತಡಿಯಾದಿಲ್ಲ" ಎಂದರು. ಎಲ್ಲರೂ ನಕ್ಕರು. ಅಪ್ಪ ನನ್ನ ಕಡೆ ನೋಡಿದ. ನಾನು ಏಳಲಿಲ್ಲ. ಹಗ್ಗವೋ ತಂತಿಯೋ, ಮಳೆಯೋ ಮೆಣಸೋ ಖಚಿತವಿಲ್ಲದವನು ಎದ್ದು ಏನು ಹೇಳುವುದು?

ನರಸಿಂಹರಾಜಪುರದಿಂದ ವೆಲ್ಡಿಂಗ್ ಮಿಸ್ತ್ರಿ ಬಂದ. ಹೊಸ ರೆಕ್ಕೆ ಕತ್ತರಿಸಿದ, ಕ್ರ್ಯಾಂಕ್ ಸರಿಮಾಡಿದ. ಬಣ್ಣ ಬಳಿಯುವ ಮೊದಲು ಗೋಪುರದ ಕಾಲು ಕೆರೆಯುತ್ತಿದ್ದವನು ನನ್ನನ್ನು ಕರೆದ. "ಸಾರ್, ಇದೆಂತ ನೋಡಿ."

ಕೊಕ್ಕೆಯ ಸುತ್ತ ನೀಲಿಹಸಿರು ಸುಣ್ಣ ಕಲ್ಲಿನಂತೆ ಹೆಪ್ಪುಗಟ್ಟಿತ್ತು. ಒಡೆದರೆ ಒಳಗೆ ತಂತಿ. ಎರಡು ಸುತ್ತು, ತುದಿ ಒಳಕ್ಕೆ ತೂರಿಸಿ ಬಿಗಿದ ಗಂಟು. ಅಡಿಕೆಕೊನೆ ಇಳಿಸುವ ಹಗ್ಗಕ್ಕೆ ಅಪ್ಪ ಹಾಕುವ ಗಂಟು ಅದೇ. ಗಂಟಿನಿಂದ ಒಂದು ಗೇಣು ಮೇಲೆ ತಂತಿ ಸೂಜಿಯಷ್ಟು ತೆಳುವಾಗಿ ತುಂಡಾಗಿತ್ತು. ಉಗುರಿನಿಂದ ಉಜ್ಜಿದರೆ ಕಬ್ಬಿಣದ ಮೇಲೆ ಕೆಂಪಗೆ ತಾಮ್ರ ಹೊಳೆಯಿತು.

ನನಗೆ ಕೂಡಲೇ ಅರ್ಥವಾಯಿತು. ಮಳೆ ಹಿಡಿಯುವಾಗ ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯಲು ಊರಿನವರೆಲ್ಲ ಸುಣ್ಣವನ್ನೂ ತಾಮ್ರದ ಲವಣವಾದ ಮೈಲುತುತ್ತವನ್ನೂ ಕದಡುತ್ತಿದ್ದದ್ದು ಈ ತೊಟ್ಟಿಯ ಬಳಿಯೇ. ತುತ್ತವನ್ನು ಗೋಣಿಚೀಲದಲ್ಲಿ ಕಟ್ಟಿ ನೀರಿನಲ್ಲಿ ಇಳಿಬಿಡುತ್ತಾರೆ. ಕಬ್ಬಿಣದ ಪಾತ್ರೆಯನ್ನು ಅದು ತಿನ್ನುತ್ತದೆಂದು ಎಲ್ಲರಿಗೂ ಗೊತ್ತು, ಅದಕ್ಕೇ ಡ್ರಮ್ ಪ್ಲಾಸ್ಟಿಕ್ಕಿನದು. ಆದರೆ ತೊಟ್ಟಿಕ್ಕುವ ಚೀಲವನ್ನು ನೀರಿನಿಂದ ತೆಗೆದು ಎಲ್ಲಿ ತೂಗುಹಾಕುತ್ತಿದ್ದರು? ಕೈಗೆಟುಕುವ ಹಾಗೆ, ಈ ತಂತಿಗೇ. ತುತ್ತದ ತಾಮ್ರ ಆ ತಂತಿಯ ಮೇಲೆ ಕೂರುತ್ತಾ ಹೋಯಿತು, ಕಬ್ಬಿಣ ಕರಗುತ್ತಾ ಹೋಯಿತು. ಆರಿದ್ರೆ ಗಾಳಿ ಎಳೆದಾಗ ತುಂಡಾಯಿತು.

ಆ ತುಂಡನ್ನು ಹಿಡಿದು ನಾನೇ ಗೌಡರ ಮನೆಗೆ ಹೋದೆ. ಪಾಠ ಮಾಡುವ ದನಿಯಲ್ಲೇ ವಿವರಿಸಿದೆ. ಅವರು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು. "ಚೀಲ ತೂಗುಹಾಕ್ತಿದ್ದದ್ದು ನಮ್ಮ ತೋಟದವ್ರೇ ಜಾಸ್ತಿ" ಎಂದರು. ಅಷ್ಟೇ ಹೇಳಿ ಚಪ್ಪಲಿ ಮೆಟ್ಟಿ ಗುಡ್ಡ ಹತ್ತಿದರು.

ಅಪ್ಪ ತೊಟ್ಟಿ ತೊಳೆಯುತ್ತಿದ್ದ. ಗೌಡರು ತಂತಿಯನ್ನು ಅವನ ಕೈಗೆ ಕೊಟ್ಟರು. "ನೀ ಕಟ್ಟಿದ್ದೆ ಮಾರಾಯ. ಬಾಲದ ಕೆಲ್ಸ ನಿಂದೇ."

"ಹೆಂಚಿನ ಕತೆ ಎಂತದು ಗೌಡ್ರೆ?"

"ಅದು ಹಳೇ ಹೆಂಚು, ಬಿಡ."

ಆ ಬೇಸಿಗೆಯ ಮೊದಲ ಗಾಳಿಗೆ ಅಪ್ಪನೇ ಬಾಲ ಬಿಚ್ಚಿದ. ಚಕ್ರ ಒಮ್ಮೆ ಅನುಮಾನಿಸಿ, ಗಾಳಿಗೆ ಮುಖ ತಿರುಗಿಸಿ, ಸುತ್ತಿತು. ಪೈಪು ಮೊದಲು ಕೆಮ್ಮಿತು, ಕೆಂಪು ನೀರು ಉಗಿಯಿತು, ಆಮೇಲೆ ತಿಳಿನೀರು. ಹದಿನಾಲ್ಕು ಮನೆಯ ಕೊಡಗಳೂ ಅಲ್ಲಿದ್ದವು. ನನ್ನ ಯಾವ ಪದವಿಯೂ ನನಗೆ ಅಷ್ಟು ಹೆಮ್ಮೆ ತಂದದ್ದಿಲ್ಲ.

ಮಳೆಗೆ ಮೊದಲು ಮತ್ತೆ ಊರಿಗೆ ಹೋದಾಗ ಅಪ್ಪ ಗೋಪುರದ ಬುಡಕ್ಕೆ ಕರೆದ. ಬಾಲ ಮಡಚಿ, ಎರಡು ಸುತ್ತು ಹಾಕಿ, ತುದಿ ಒಳಕ್ಕೆ ತೂರಿಸಿ ಬಿಗಿದ. ನಾನು ನೋಡುತ್ತಿದ್ದೇನೋ ಇಲ್ಲವೋ ಎಂದು ಎರಡು ಸಲ ತಿರುಗಿ ನೋಡಿದ.

"ಸರಿಯಾಗಿ ನೋಡ್ಕ. ಮಳೆ ಇಲ್ಲ, ಮೆಣಸಿಲ್ಲ. ಇದು ಹಗ್ಗ ಅಲ್ಲ, ತಂತಿ."