ಟೀಚರ್ ಅರಮನೆ ನೋಡಿದ ದಿನ

ಮೊನ್ನೆ ಮೆಡಿಕಲ್ ಸ್ಟೋರಿನಲ್ಲಿ ನನ್ನ ಮುಂದಿದ್ದವರು ಕಣ್ಣಿಗೆ ಹಾಕುವ ಡ್ರಾಪ್ಸ್ ಕೊಂಡರು. ಹಸಿರು ಮುಚ್ಚಳದ ಪುಟ್ಟ ಬಾಟಲಿ. ನನ್ನ ಸರದಿ ಬಂದದ್ದೂ ತಿಳಿಯದೆ ನಿಂತುಬಿಟ್ಟೆ. ಬಸವೇಶ್ವರನಗರದ ಆ ಮನೆಯ ಫ್ರಿಜ್ಜಿನ ಬಾಗಿಲಲ್ಲಿ ಸದಾ ಇರುತ್ತಿದ್ದ ಬಾಟಲಿ ಅದು...

ಆ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಕೆಳಗೆ ಮನೆಯ ಯಜಮಾನಿ ಒಬ್ಬರೇ. ಪ್ರೈಮರಿ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾಗಿದ್ದರು. ಬೀದಿಗೆಲ್ಲ ಅವರು ಟೀಚರ್, ನನಗೂ. ಗ್ಲಾಕೋಮಾದಿಂದ ಅವರ ನೋಟ ಅಂಚುಗಳಿಂದ ಒಳಕ್ಕೆ ಕಿರಿದಾಗುತ್ತ ಬಂದಿತ್ತು. ಕೈ ನಡುಗುತ್ತಿದ್ದುದರಿಂದ ಸಂಜೆಯ ಡ್ರಾಪ್ಸ್ ನಾನೇ ಹಾಕುತ್ತಿದ್ದೆ.

ಹಾಗೆ ಒಂದು ಸಂಜೆ, ಕಣ್ಣು ಮುಚ್ಚಿಕೊಂಡೇ, ಮೈಸೂರು ಅರಮನೆ ನೋಡಬೇಕು ಎಂದರು. ವರ್ಷವರ್ಷವೂ ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದೊಯ್ದವರಲ್ಲವೇ ಎಂದು ಕೇಳಿದೆ.

"ಮಕ್ಕಳ ತಲೆ ಎಣಿಸಿದ್ದೇ ಆಯ್ತು ಕಣೇ. ಅರಮನೆ ಎಲ್ಲಿ ನೋಡ್ದೆ?"

ಜೊತೆಗೆ ಬರುತ್ತೇನೆಂದರೆ ಒಪ್ಪಲಿಲ್ಲ. ಶ್ರೀಗಂಧದ ಕಾವಲು ಬಡಾವಣೆಯಲ್ಲಿದ್ದ ಮಗಳಿಗೂ ಹೇಳಬಾರದೆಂದರು. ಹೇಳಿದರೆ ಅವಳು ಬಿಡುವವಳಲ್ಲ. ನನಗೆ ಒಳಗೊಳಗೇ ಭಯ. ಆದರೂ ಮರುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ಕೆಂಗೇರಿಯಲ್ಲಿ ರೈಲು ಹತ್ತಿಸಿದೆ.

ಮಧ್ಯಾಹ್ನ ಮಗಳು ಹುಳಿ ತಂದಳು. ಮನೆಗೆ ಬೀಗ, ಅವಳು ಕರೆ ಮಾಡಿದರೆ ಟೀಚರ್ ಬಿಟ್ಟುಹೋಗಿದ್ದ ಫೋನು ಒಳಗೇ ರಿಂಗಾಗುತ್ತಿತ್ತು. ಅವಳು ಮಹಡಿ ಹತ್ತಿ ಬಂದು ಕೇಳಿದಾಗ ಸುಳ್ಳು ಹೇಳಲಾಗದೆ ಇದ್ದದ್ದನ್ನು ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು. "ಅಮ್ಮಂಗೆ ಮೆಟ್ಟಿಲೇ ಕಾಣಲ್ಲ. ಏನಾದ್ರೂ ಆದ್ರೆ ನೀವು ಜವಾಬ್ದಾರೀನಾ?" ಎಂದಳು.

ಸಂಜೆ ಇಬ್ಬರೂ ಕೆಂಗೇರಿ ಸ್ಟೇಷನ್ನಿನ ಬೆಂಚಿನಲ್ಲಿ ಕೂತೆವು. ಹೇಳಿದ್ದ ರೈಲು ಬಂತು, ಅದರಲ್ಲಿ ಟೀಚರ್ ಇರಲಿಲ್ಲ. ಮಗಳು ಅಳತೊಡಗಿದಳು. ಅಂದು ನಾನು ಹರಕೆ ಹೊರದ ದೇವರಿಲ್ಲ... ಮುಂದಿನ ರೈಲಿನಿಂದ, ಯಾರದೋ ಕೈ ಹಿಡಿದು, ಟೀಚರ್ ನಿಧಾನಕ್ಕೆ ಇಳಿದರು. ಮೊಣಕೈ ತರಚಿತ್ತು, ಸೀರೆಯಂಚಿನಲ್ಲಿ ಮಣ್ಣು. ಮಗಳು ಬೈದದ್ದನ್ನೆಲ್ಲ ಕೇಳಿಸಿಕೊಂಡರು.

ಆಮೇಲೆ ನನ್ನ ಕಡೆ ತಿರುಗಿದರು. ಅರಮನೆಯೊಳಗಿನ ಕಲ್ಯಾಣ ಮಂಟಪದಲ್ಲಿ, ನವಿಲುಗಳ ಗಾಜಿನ ಛಾವಣಿಯ ಕೆಳಗೆ, ಕತ್ತೆತ್ತಿಕೊಂಡು ಬಹಳ ಹೊತ್ತು ನಿಂತುಬಿಟ್ಟಿದ್ದರಂತೆ. ನೋಟದೊಳಗೆ ಒಮ್ಮೆಗೆ ಒಂದೇ ನವಿಲು ಹಿಡಿಯುತ್ತಿತ್ತಂತೆ. ಒಂದೊಂದನ್ನೇ ನೋಡಿ ಮುಗಿಸುವಷ್ಟರಲ್ಲಿ ರೈಲು ತಪ್ಪಿತ್ತು.

"ಅಲ್ಲಿ ಕಾವಲಿನೋರು ಬಂದು, ಯಾರನ್ನ ಹುಡುಕ್ತಾ ಇದೀರಮ್ಮಾ ಅಂದ್ರು. ಯಾರನ್ನೂ ಇಲ್ಲಪ್ಪಾ ಅಂದೆ," ಎಂದು ಹೇಳಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಆ ತಿಂಗಳೇ ಮಗಳು ಅವರನ್ನು ತನ್ನ ಮನೆಗೆ ಕರೆದೊಯ್ದಳು. ಎರಡು ವರ್ಷದಲ್ಲಿ ಕಣ್ಣು ಪೂರ್ತಿ ಹೋಯಿತು. ಆಮೇಲೂ ಆಗಾಗ ಹೋಗಿ ಮಾತಾಡಿಸುತ್ತಿದ್ದೆ, ದನಿಯಲ್ಲೇ ಗುರುತು ಹಿಡಿಯುತ್ತಿದ್ದರು. ಮತ್ತೊಂದು ಬೇಸಿಗೆಗೆ ಅವರೇ ಇಲ್ಲವಾದರು. ವೈಕುಂಠ ಸಮಾರಾಧನೆಯ ದಿನ ಮಗಳು ನನಗೆ ಬಡಿಸುತ್ತ ಮೆಲ್ಲಗೆ, "ಅವತ್ತು ನಾನು ಜೊತೆಗೆ ಹೋಗಿದ್ರೆ ಅಮ್ಮ ನನ್ನನ್ನೇ ನೋಡ್ಕೋತಾ ಇರ್ತಿದ್ರು, ಅಲ್ವಾ?" ಎಂದಳು.

ನಾನೀಗ ಹೆಗ್ಗನಹಳ್ಳಿಯಲ್ಲಿದ್ದೇನೆ. ಮೈಸೂರಿಗೆ ಎಷ್ಟೋ ಸಲ ಹೋಗಿದ್ದೇನೆ, ಅರಮನೆಯ ಒಳಗೆ ಮಾತ್ರ ಹೋಗಿಲ್ಲ. ನೋಡಿ ಬಂದರೆ ಯಾರಿಗೆ ಹೇಳಲಿ?