ಗಾಡಿ ಹೋಗಲಿ, ಹಗ್ಗ ಉಳಿಯಲಿ

ಇವತ್ತು ಬಾಯಿ ಬಿಟ್ಟು ಹೇಳಲೇಬೇಕಾಗಿ ಬಂದರೆ ನನ್ನ ಕೈಲಿ ಆದೀತೇ?

ಕೊಟ್ಟೂರಿನಿಂದ ಹೊರಟ ಮೊದಲ ಬಸ್ಸಿನ ಕಿಟಕಿಗೆ ತಲೆ ಆನಿಸಿ ಗಂಗಾಂಬಿಕಾ ತನ್ನನ್ನೇ ಕೇಳಿಕೊಳ್ಳುತ್ತಾಳೆ. ಹೊರಗೆ ಇನ್ನೂ ನಸುಕು. ಮಡಿಲಲ್ಲಿ ಪ್ಲಾಸ್ಟಿಕ್ ಫೈಲು. ಅದರೊಳಗೆ ತೆಲಿಗಿಯ ಗಿರಾಕಿ ಪಂಪಮ್ಮನವರ ಹಳೇ ಕಾರಿನ ಕಾಗದಗಳು, ನಿನ್ನೆ ಸಂಜೆ ವಿಮಾ ಕಂಪನಿಯಿಂದ ಬಂದ ಒಂದು ಪುಟದ ಉತ್ತರ. ಆ ಪುಟವನ್ನು ಈಗಾಗಲೇ ನಾಲ್ಕು ಸಲ ಓದಿದ್ದಾಳೆ.

ಇಪ್ಪತ್ತೇಳರ ಗಂಗಾಂಬಿಕಾ ಬಿ.ಕಾಂ. ಪದವೀಧರೆ. ಹರಪನಹಳ್ಳಿಯಲ್ಲಿ ಸೋಮಶೇಖರ್ ಅವರ ವಾಹನ ಕಾಗದಪತ್ರಗಳ ಅಂಗಡಿಯಲ್ಲಿ ಐದು ವರ್ಷಗಳಿಂದ ಕೆಲಸ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದೂ ಕಡೆಯ ಗಿರಾಕಿಗಳು. ಹಳೇ ಕಾರು ಕೊಟ್ಟು ಹೊಸದು ತರುವ ನಡುವಿನ ದಿನಗಳಲ್ಲಿ ಕಾಗದಪತ್ರ ತಪ್ಪದಂತೆ ನೋಡಿಕೊಳ್ಳುವುದು ಅವಳ ಪಾಲಿನದು. ತಿಂಗಳಿಗೆ ಹದಿನೈದಿಪ್ಪತ್ತು ಗಾಡಿ, ದಿನಕ್ಕೆ ಮೂವತ್ತು ಫೋನು. ಆದರೆ ಬೋರ್ಡಿನ ಮೇಲಿರುವುದು ಸೋಮಶೇಖರ್ ಹೆಸರು, ಹೊಸ ಕಾರಿನ ಪೇಡೆ ಬರುವುದೂ ಅವರ ಟೇಬಲ್ಲಿಗೇ.

‘ಮಾತಿಗೆ ನಾನು, ಕೆಲಸಕ್ಕೆ ಆಕಿ. ಗಿರಾಕಿ ಎದುರಿಗೇ ಕುಂತು ಏನಾರ ಕೇಳಿದ್ರೂ ಚೀಟ್ಯಾಗ ಬರದು ಕೊಡ್ತಾಳ್ರಿ!’ ಎಂದು ಸೋಮಶೇಖರ್ ನಗುತ್ತಾರೆ.

ಅವಳು ಈ ಕೆಲಸಕ್ಕೆ ಬಂದದ್ದಕ್ಕೆ ಒಂದು ಟ್ರ್ಯಾಕ್ಸ್ ಜೀಪು ಕಾರಣ. ಅಪ್ಪ ಗುರುಶಾಂತಪ್ಪ ಅದನ್ನು ಒಂದು ಸ್ಟಾಂಪ್ ಪೇಪರಿನ ಮೇಲೆ ಸಹಿ ಹಾಕಿ ಮಾರಿದ್ದರು. ಕೊಂಡವನು ನೋಂದಣಿಯಲ್ಲಿ ಹೆಸರು ಬದಲಿಸಲಿಲ್ಲ, ವಿಮೆ ಮುಗಿದರೂ ಕಟ್ಟಲಿಲ್ಲ. ಹದಿನಾಲ್ಕು ತಿಂಗಳ ಮೇಲೆ ಆ ಗಾಡಿ ಎಲ್ಲೋ ಅಪಘಾತ ಮಾಡಿತು, ನೋಟಿಸು ಇವರ ಬಾಗಿಲಿಗೆ ಬಂತು. ‘ಮಾರಿದ ಗಾಡಿ ಸಲುವಾಗಿ ಅಪ್ಪ ಮೂರು ವರ್ಷ ಕೋರ್ಟಿಗೆ ಅಡ್ಡಾಡಿದ್ರು. ಹೆಸರು ಬದ್ಲಿ ಆಗಬೇಕು ಅಂತ ಆ ಪೇಪರ್ ಬರದಾಂವಗ ಗೊತ್ತಿತ್ರಿ. ಬಾಯಿ ಬಿಡಲಿಲ್ಲ ಅಷ್ಟ’ ಎಂದು ಪಕ್ಕದ ಸೀಟಿನಾಕೆಗೆ ಹೇಳುವಾಗಲೂ ಗಂಗಾಂಬಿಕಾಳ ದನಿ ಬಸ್ಸಿನ ಸದ್ದಿನಲ್ಲಿ ಅರ್ಧ ಕರಗುತ್ತದೆ.

ಹಾಗಾಗಿ ಅವಳದೊಂದು ಕಟ್ಟುನಿಟ್ಟು: ಕೀ ಕೈ ಬದಲಾಗುವ ಮೊದಲು ಮಾರಾಟದ ಸುದ್ದಿ ವಿಮಾ ಕಂಪನಿಗೆ ಮುಟ್ಟಬೇಕು, ಹೆಸರು ಬದಲಾವಣೆಯ ಅರ್ಜಿಗೆ ಇಬ್ಬರ ಸಹಿಯೂ ಬಿದ್ದಿರಬೇಕು. ಇನ್ನೊಂದಿದೆ. ವರ್ಷಗಟ್ಟಲೆ ವಿಮೆಯಿಂದ ಪರಿಹಾರ ಕೇಳದೆ ಗಾಡಿ ಓಡಿಸಿದವರಿಗೆ ಕಂತಿನಲ್ಲಿ ರಿಯಾಯಿತಿ ಉಂಟು. ಅದು ಕಾರಿನದಲ್ಲ, ಮಾಲೀಕರದು. ಕಾರು ಹೋದರೂ ಕಂಪನಿಯಿಂದ ಪತ್ರ ಪಡೆದು ಹೊಸ ಕಾರಿಗೆ ಹಚ್ಚಿಕೊಳ್ಳಬಹುದು. ಇದನ್ನು ಅವಳು ಪಂಪಮ್ಮನವರಿಗೆ ಚೀಟಿಯಲ್ಲಿ ಬರೆದುಕೊಟ್ಟಾಗ, ಮೆಣಸಿನಕಾಯಿ ಗಿರಣಿ ನಡೆಸುವ ಆ ಹಿರಿಯಾಕೆ ತೊಡೆ ತಟ್ಟಿ ನಕ್ಕಿದ್ದರು: ‘ಅಯ್ಯ, ಇದು ಎತ್ತಿನ ಹಗ್ಗ ಅಲ್ಲೇನವ್ವ! ಎತ್ತು ಕೊಡ್ತೀವಿ, ಹಗ್ಗ ಬಿಚ್ಚಿ ಮನಿಯಾಗ ಇಟ್ಕಂತೀವಿ.’ ಅವರ ಕೊಟ್ಟಿಗೆಯ ಗೂಟದಲ್ಲಿ ಮಾರಿದ ಎತ್ತುಗಳ ಏಳು ಹಗ್ಗ ಈಗಲೂ ನೇತಾಡುತ್ತಿವೆ. ಎಂಟನೆಯದು ಈ ಪತ್ರ ಎಂದು ಊರಿಗೆಲ್ಲ ಹೇಳಿಟ್ಟಿದ್ದಾರೆ.

ಆದರೆ ಕಂಪನಿಯ ಉತ್ತರ ಬೇರೆಯೇ ಹೇಳುತ್ತಿದೆ: ಕಳೆದ ಕಾರ್ತಿಕದಲ್ಲಿ ಈ ಕಾರಿಗೆ ಪರಿಹಾರ ಪಡೆಯಲಾಗಿದೆ, ರಿಯಾಯಿತಿ ಇಲ್ಲ. ಮಗ ಪ್ರವೀಣಕುಮಾರ್ ಕಾರನ್ನು ಕಂಬಕ್ಕೆ ಗುದ್ದಿ, ಸರ್ವೀಸಿನ ಕಾಗದ ಎಂದು ಹೇಳಿ ಕ್ಲೇಮ್ ಫಾರ್ಮಿಗೆ ಅವ್ವನ ಸಹಿ ಹಾಕಿಸಿ, ಗ್ಯಾರೇಜಿನಲ್ಲೇ ಎಲ್ಲ ಮುಗಿಸಿದ್ದ. ನಿನ್ನೆ ಫೋನಿನಲ್ಲಿ ಒಪ್ಪಿಕೊಂಡ. ‘ಅವ್ವಗ ಹೇಳಬ್ಯಾಡ್ರಿ ಮೇಡಂ. ಹೊಸ ಕಾರಿನ ಇನ್ಶೂರೆನ್ಸ್ ಫಾರ್ಮಿನ್ಯಾಗ ಕ್ಲೇಮ್ ಇಲ್ಲ ಅಂತ ಬರದು ಬಿಡ್ರಿ. ಯಾರು ನೋಡ್ತಾರ?’ ನಾಳೆ ಹೊಸ ಕಾರಿಗೆ ಏನಾದರೂ ಆದರೆ ನೋಡುತ್ತಾರೆ, ಬರೆದದ್ದು ಸುಳ್ಳೆಂದು ಆಗ ಕಂಪನಿ ಕೈ ತೊಳೆದುಕೊಳ್ಳುತ್ತದೆ. ಗಂಗಾಂಬಿಕಾಳಿಗೆ ಇದು ಚೆನ್ನಾಗಿ ಗೊತ್ತು.

ಏಳು ಗಂಟೆಗೆ ತೆಲಿಗಿ. ಪಂಪಮ್ಮನವರ ಅಂಗಳ ಹಬ್ಬದಂತಿದೆ. ಹಳೇ ಕಾರಿಗೆ ಕುಂಕುಮ, ನಿಂಬೆಹಣ್ಣು. ಕೊಳ್ಳಲು ಗುಡೇಕೋಟೆಯಿಂದ ಬಂದ ರಾಮಾಂಜನೇಯ ಟೈರು ಒದ್ದು ನೋಡುತ್ತಿದ್ದಾರೆ. ಹನ್ನೊಂದರೊಳಗೆ ದಾವಣಗೆರೆಯ ಶೋರೂಮಿನಿಂದ ಹೊಸ ಕಾರು ಹೊರಡಬೇಕು. ಗೋಡೆಯ ಮೇಲೆ ಓಣಿಯ ಅರ್ಧ ಮಂದಿ.

‘ಅಮ್ಮಾರ, ಹಗ್ಗ ನೀವು ಇಟ್ಕಳ್ರಿ, ಹೋರಿ ಹಾಯಂಗಿಲ್ಲ ಹೌದಿಲ್ಲೋ?’ ರಾಮಾಂಜನೇಯ ಹಳೇ ಕಾರಿನ ಬೆನ್ನು ತಟ್ಟಿ ಕೇಳುತ್ತಾರೆ.

‘ನನ್ನ ಹೋರಿ ಯಾರಿಗೂ ಹಾದಿಲ್ಲೋ ತಮ್ಮ! ಏಳು ವರ್ಷ ಒಂದು ಗೀಟು ಬಿದ್ದಿಲ್ಲ!’ ಪಂಪಮ್ಮನವರ ದನಿಗೆ ಗೋಡೆಯ ಮೇಲಿನವರೆಲ್ಲ ನಗುತ್ತಾರೆ. ಪ್ರವೀಣಕುಮಾರ್ ಮಾತ್ರ ನಗುವುದಿಲ್ಲ. ಬಾನೆಟ್ಟಿನ ಮೇಲೆ ಹೊಸ ಫಾರ್ಮು ಹರವಿ, ಪೆನ್ನಿನ ಮುಚ್ಚಳ ತೆಗೆದು ಗಂಗಾಂಬಿಕಾಳ ಕೈಗಿಡುತ್ತಾನೆ. ‘ಬರೀರಿ ಮೇಡಂ, ಹೊತ್ತಾತು.’

ಅವಳು ಪೆನ್ನನ್ನು ಬಾನೆಟ್ಟಿನ ಮೇಲೆಯೇ ಇಡುತ್ತಾಳೆ. ಬಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದ ಚೀಟಿಯನ್ನು ಫೈಲಿನಿಂದ ತೆಗೆದು ಪಂಪಮ್ಮನವರ ಮುಂದೆ ಚಾಚುತ್ತಾಳೆ.

‘ಇದೇನು, ನನ್ನ ಹಗ್ಗ ಇಷ್ಟು ಸಣ್ಣದು?’ ಪಂಪಮ್ಮನವರು ಚೀಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ ವಾಪಸು ಕೊಡುತ್ತಾರೆ. ‘ಕನ್ನಡಕ ಗಿರಣ್ಯಾಗ ಐತಿ. ಮದ್ವಿ ಹೆಣ್ಣಿನಂಗ ತಲಿ ಬಗ್ಗಿಸ್ಕಂಡು ನಿಂತ್ರ ಹೆಂಗವ್ವ? ನೀನ ಹೇಳು. ಎಲ್ಲಾರೂ ಕೇಳಲಿ!’

ಪ್ರವೀಣಕುಮಾರ್ ಕೆಮ್ಮುತ್ತಾನೆ. ಸೋಮಶೇಖರ್ ಇದ್ದಿದ್ದರೆ ಏನೋ ಒಂದು ತಮಾಷೆ ಮಾಡಿ ದಾಟಿಸುತ್ತಿದ್ದರು. ಇಲ್ಲಿ ಅವಳೊಬ್ಬಳೇ. ಅಪ್ಪನ ಪೇಪರ್ ಬರೆದವನು ಅವತ್ತು ಹೀಗೇ ನಿಂತಿದ್ದನೇನೋ, ಎಲ್ಲ ಗೊತ್ತಿದ್ದೂ, ಕೈಯಲ್ಲಿ ಕಾಗದ ಹಿಡಿದು.

ಗಂಗಾಂಬಿಕಾ ಚೀಟಿಯನ್ನು ಮಡಚಿ ಮುಷ್ಟಿಯಲ್ಲಿ ಹಿಡಿಯುತ್ತಾಳೆ, ತಲೆ ಎತ್ತುತ್ತಾಳೆ. ಬಂದ ದನಿ ಗೋಡೆಯ ಮೇಲಿನವರಿಗೂ ಕೇಳಿಸುತ್ತದೆ, ಅವಳಿಗೇ ಹೊಸದೆನಿಸುವಷ್ಟು ಗಟ್ಟಿಯಾಗಿ:

‘ಅಮ್ಮಾರ, ಹೋದ ಕಾರ್ತೀಕದಾಗ ಈ ಗಾಡಿಗೆ ಕ್ಲೇಮ್ ಆಗೇತ್ರಿ. ಹಗ್ಗ ಉಳದಿಲ್ಲ. ಇವತ್ತಿಂದ ಹೊಸ ಗಾಡಿಗೆ ಇನ್ನೊಂದು ಹೊಸೀಬೇಕು.’